ಬೇಡ ಎನ್ನದ ಒಂದೇ ಬಾಯಿ

ಭಾನುವಾರ ಬೆಳಿಗ್ಗೆ ಹೊಸ ತಿಪ್ಪಸಂದ್ರದ ಮಾರುಕಟ್ಟೆ ರಸ್ತೆಯ ಕೋಳಿ ಅಂಗಡಿಗಳ ಮುಂದೆ ಎರಡು ಥರದ ಗಿರಾಕಿಗಳು ನಿಂತಿರುತ್ತಾರೆ. ಮನೆಮಂದಿಗೆ ಕೊಳ್ಳುವವರದು ದೊಡ್ಡ ದನಿ: ‘ಒಂದು ಕೆ.ಜಿ. ಹಾಕಣ್ಣ, ಸಾರಿಗೆ. ಪೀಸ್ ಸ್ವಲ್ಪ ದಪ್ಪ ಇರಲಿ.’ ಇನ್ನೊಂದು ಥರದವರು ಜನ ಕರಗುವವರೆಗೂ ಕಾದಿದ್ದು ಹತ್ತಿರ ಹೋಗಿ ಹೇಳುತ್ತಾರೆ: ‘ಬೋನ್‌ಲೆಸ್ ಅರ್ಧ ಕೆ.ಜಿ. ಕೊಡಣ್ಣ. ಸಣ್ಣಗೆ ಮಾಡ್ಬಿಡು. ಅವನಿಗೆ.’ ಅವನು ಯಾರೆಂದು ಅಂಗಡಿಯವನು ಕೇಳುವುದಿಲ್ಲ. ಮನೆಯ ಯಜಮಾನರಿಗೆ ಮೂಳೆ ಸಮೇತ, ಮನೆಯ ನಾಯಿಗೆ ಮೂಳೆ ತೆಗೆದದ್ದು. ಈ ಲೆಕ್ಕ ಇಲ್ಲಿ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ.

ಮಾಂಸ ಮುಟ್ಟದ ಮನೆಗಳಲ್ಲೂ ಏರ್ಪಾಡಿಗೆ ಕೊರತೆಯಿಲ್ಲ. ಹಿತ್ತಲ ಕಟ್ಟೆಯ ಮೇಲೆ ಬೇರೆ ಸ್ಟವ್, ಬೇರೆ ಕುಕ್ಕರ್, ಬೇರೆ ಸೌಟು. ಗಂಡನಿಗೆ ಒಂದು ಆಮ್ಲೆಟ್ ಮಾಡಿಕೊಡದ ಗೃಹಿಣಿ ಮೂಗಿಗೆ ಸೆರಗು ಹಿಡಿದು ನಾಯಿಗೆ ಕೋಳಿ ಬೇಯಿಸುತ್ತಾರೆ. ‘ಅವನ ಜಾತಿ ಧರ್ಮ ಅವನಿಗೆ, ನಮ್ಮದು ನಮಗೆ’ ಎಂಬ ಸಮಜಾಯಿಷಿ ಬೇರೆ.

ಈ ಬಡಾವಣೆ ಹೀಗಾದದ್ದಕ್ಕೆ ಕಾರಣವಿದೆ. 1940ರಲ್ಲಿ ಶುರುವಾದ ಎಚ್‌ಎಎಲ್, 1964ರಲ್ಲಿ ಬಂದ ಬಿಇಎಂಎಲ್, ಸಿ.ವಿ. ರಾಮನ್ ನಗರದ ಡಿಆರ್‌ಡಿಒ ಪ್ರಯೋಗಾಲಯಗಳು: ಇವುಗಳ ಸಂಬಳವೇ ಎಚ್‌ಎಎಲ್ 3ನೇ ಹಂತವೆಂಬ ಹೊಸ ತಿಪ್ಪಸಂದ್ರವನ್ನು ಬೆಳೆಸಿದ್ದು. ನೌಕರಿಯಲ್ಲಿದ್ದಾಗ ಸೈಟು ಕೊಂಡವರು, ನಿವೃತ್ತಿಯ ಹಣದಲ್ಲಿ ಮೇಲೆ ಎರಡು ಅಂತಸ್ತು ಏರಿಸಿದರು. ಮೇಲಿನ ಮನೆಗಳಲ್ಲಿ ಐಟಿ ಹುಡುಗರು ಬಾಡಿಗೆಗೆ, ಕೆಳಗೆ ಅಜ್ಜ ಅಜ್ಜಿ ಇಬ್ಬರೇ. ಮಗ ಸಿಯಾಟಲ್‌ನಲ್ಲೋ ಸಿಡ್ನಿಯಲ್ಲೋ ಇದ್ದಾನೆ. ಹೋಗುವಾಗ, ಅಥವಾ ಯಾವುದೋ ರಜೆಗೆ ಬಂದಾಗ, ‘ನಿಮಗೆ ಜೊತೆಗಿರಲಿ’ ಎಂದು ಒಂದು ಮರಿ ತಂದುಕೊಟ್ಟಿದ್ದಾನೆ. ‘ಅಯ್ಯೋ, ಈ ವಯಸ್ಸಲ್ಲಿ ನಾಯಿ ಯಾಕಪ್ಪಾ’ ಎಂದು ರೇಗಿದವರೇ ಮೂರನೇ ತಿಂಗಳಿಗೆ ಅದಕ್ಕೆ ಸ್ವೆಟರ್ ಹೆಣೆಯುತ್ತಿರುತ್ತಾರೆ.

ಗುಂಡನ ದಿನಚರಿ

ಅಂಥ ಒಂದು ಮನೆಯ ಲ್ಯಾಬ್ರಡಾರನ್ನು ಇಲ್ಲಿ ಗುಂಡ ಎಂದು ಕರೆಯೋಣ. ಎಂಟು ವರ್ಷದ ಹಳದಿ ಬಣ್ಣದ ಗಂಡು. ಸೋಫಾದ ಒಂದು ಮೂಲೆ ಅವನ ಹೆಸರಿಗೆ ಬಿದ್ದಿದೆ; ನೆಂಟರು ಬಂದರೆ ನೆಂಟರೇ ಪ್ಲಾಸ್ಟಿಕ್ ಕುರ್ಚಿಗೆ ಹೋಗಬೇಕು. ಮಧ್ಯಾಹ್ನ ಫ್ಯಾನ್ ಅವನ ಕಡೆ ತಿರುಗಿರುತ್ತದೆ. ಕರೆಂಟ್ ಹೋದರೆ ಅಮ್ಮ ಬೀಸಣಿಗೆ ಹುಡುಕುತ್ತಾರೆ. ಅವನ ಹುಟ್ಟುಹಬ್ಬಕ್ಕೆ ನಾಯಿಗೆಂದೇ ಮಾಡುವ ಕೇಕು ಇಂದಿರಾನಗರದಿಂದ ಬರುತ್ತದೆ, ಕತ್ತರಿಸುವಾಗ ಮಗ ವಿಡಿಯೊ ಕಾಲ್‌ನಲ್ಲಿ ಇರಲೇಬೇಕು.

ಮೆಟ್ಟಿಲು ಹತ್ತುವಾಗ ಹಿಂಗಾಲು ಎಳೆಯತೊಡಗಿದಾಗ ಅವನನ್ನು ಡಾಕ್ಟರ ಬಳಿ ಕರೆದೊಯ್ದರು. ನೆಲಮಟ್ಟದ ತೂಕದ ಹಲಗೆಯ ಮೇಲೆ ಅವನನ್ನು ನಿಲ್ಲಿಸಲು ಮೂವರು ಬೇಕಾಯಿತು. ಅಂಕಿ 46ರಲ್ಲಿ ನಿಂತಿತು. ಗಂಡು ಲ್ಯಾಬ್ರಡಾರ್ 29ರಿಂದ 36 ಕೆ.ಜಿ. ಇದ್ದರೆ ಸರಿ.

‘ದಿನಾ ಏನೇನು ಕೊಡ್ತೀರಮ್ಮ?’

‘ಏನೂ ಇಲ್ಲ ಡಾಕ್ಟ್ರೇ, ಎರಡೇ ಹೊತ್ತು. ಅವನು ತಿನ್ನೋದೇ ಇಲ್ಲ.’

ಯಜಮಾನರು ಪೇಪರಿನಿಂದ ತಲೆ ಎತ್ತಿದರು. ‘ಬೆಳಿಗ್ಗೆ ಕಾಫಿ ಜೊತೆ?’

‘ಅದು ಬಿಸ್ಕತ್ತು. ಬಿಸ್ಕತ್ತೂ ಒಂದು ಊಟವಾ?’

‘ಹಾಲಿನ ಕೆನೆ?’

‘ನಿಮಗೆ ಕೊಲೆಸ್ಟ್ರಾಲ್. ಚೆಲ್ಲಕ್ಕಾಗತ್ತಾ?’

ಹೀಗೆ ಒಂದೊಂದಾಗಿ ಪಟ್ಟಿ ಬಿಚ್ಚಿಕೊಂಡಿತು. ದೋಸೆ ಹುಯ್ದರೆ ಮೊದಲನೆಯದು ಅವನಿಗೆ, ಕಾವಲಿ ಹದಕ್ಕೆ ಬರುವ ಮುಂಚಿನದು. ಹನ್ನೊಂದಕ್ಕೆ ಬಾಳೆಹಣ್ಣು. ಮಧ್ಯಾಹ್ನ ಕೋಳಿ ಅನ್ನ, ಅದರ ಮೇಲೆ ಬಾಯಿ ತಂಪಿಗೆ ಮೊಸರನ್ನ. ನಾಲ್ಕಕ್ಕೆ ಯಜಮಾನರು ಅಯ್ಯಂಗಾರ್ ಬೇಕರಿಯಿಂದ ತರುವ ಬೆಣ್ಣೆ ಬಿಸ್ಕತ್ತಿನಲ್ಲಿ ಪಾಲು. ಸಂಜೆ ಮೇಲಿನ ಮನೆಯ ಹುಡುಗರು ಆಫೀಸಿನಿಂದ ಬಂದು ಗೇಟಿನ ಸಂದಿಯಲ್ಲಿ ಚಿಪ್ಸ್ ತೂರಿಸುತ್ತಾರೆ. ರಾತ್ರಿ ಚಪಾತಿ, ತುಪ್ಪ ಸವರಿ; ತುಪ್ಪ ಇಲ್ಲದಿದ್ದರೆ ಮೂಸಿ ಮುಖ ತಿರುಗಿಸುತ್ತಾನೆ. ಡಾಕ್ಟರು ಬರೆಯುವುದನ್ನು ಅರ್ಧಕ್ಕೇ ನಿಲ್ಲಿಸಿ ಪೆನ್ನಿನ ಮುಚ್ಚಳ ಹಾಕಿದರು.

ನಗು ಬರುವ ಸಂಗತಿಯೇ. ಆದರೆ ಆ ಮನೆಯ ಊಟದ ಮೇಜನ್ನು ಸ್ವಲ್ಪ ನೋಡಿ. ಯಜಮಾನರಿಗೆ ಸಕ್ಕರೆ ಕಾಯಿಲೆ, ಅನ್ನ ಒಂದು ಸೌಟು ಅಳೆದು ಬಡಿಸಬೇಕು. ಅಮ್ಮನಿಗೇ ಬಿಪಿ, ಉಪ್ಪಿನಕಾಯಿ ಭರಣಿ ಅಟ್ಟ ಸೇರಿದೆ. ಮೊಮ್ಮಗಳು ಬಂದರೆ ‘ನೋ ಅಜ್ಜಿ, ಐ ಆಮ್ ಫುಲ್’ ಎನ್ನುತ್ತಾಳೆ. ಸೊಸೆಗೆ ಗ್ಲೂಟನ್ ಆಗದು, ಮಗ ಮಧ್ಯಾಹ್ನದವರೆಗೆ ಉಪವಾಸ. ನಲವತ್ತು ವರ್ಷ ‘ಇನ್ನೊಂದು ಹಾಕಿಸ್ಕೋ’ ಎಂದು ಬಲವಂತ ಮಾಡುತ್ತಲೇ ಪ್ರೀತಿ ತೋರಿಸಿದ ಕೈ ಅದು. ಈಗ ಆ ಕೈ ಚಾಚಿದಲ್ಲೆಲ್ಲ ಬೇಡ ಎಂಬ ಉತ್ತರ. ಇಡೀ ಮನೆಯಲ್ಲಿ ಬೇಡ ಎನ್ನದ ಬಾಯಿ ಒಂದೇ ಒಂದು, ಅದು ಗುಂಡನದು. ಅಮ್ಮ ಅವನನ್ನು ಹಾಳು ಮಾಡುತ್ತಿದ್ದಾರೆ ಎನ್ನುವವರು, ಅವರ ಬಡಿಸುವ ಆಸೆಗೆ ಊರಲ್ಲಿ ಬೇರೆ ಎಲೆಯೇ ಉಳಿದಿಲ್ಲ ಎಂಬುದನ್ನೂ ಗಮನಿಸಬೇಕು. ಮಿತಿಮೀರಿದ ಮುದ್ದಿನ ಬೇರು ನಾಯಿಯ ಹಟದಲ್ಲಿಲ್ಲ. ಮನೆಯವರೆಲ್ಲ ಕೈಬಿಟ್ಟ ಒಂದು ಪ್ರೀತಿಯ ಪದ್ಧತಿಯಲ್ಲಿದೆ. ತೊಂದರೆ ಏನೆಂದರೆ, ಅದರ ಬೆಲೆ ತೆರುತ್ತಿರುವುದು ನಾಯಿಯ ಕೀಲುಗಳು.

ಹಸಿವು ಸುಳ್ಳು ಹೇಳುವುದಿಲ್ಲ, ಆದರೂ

‘ಆ ಕಣ್ಣು ನೋಡಿ ಡಾಕ್ಟ್ರೇ, ಹೊಟ್ಟೆ ಹಸಿದಿದೆ’ ಎನ್ನುವುದು ಲ್ಯಾಬ್ರಡಾರ್ ಸಾಕಿದವರೆಲ್ಲರ ಮಾತು. ಅವರು ಹೇಳುವುದು ಅಷ್ಟೇನೂ ಸುಳ್ಳಲ್ಲ. 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಎಲೀನರ್ ರಫಾನ್ ಮತ್ತು ಸಂಗಡಿಗರು ಈ ತಳಿಯ ವಂಶವಾಹಿಯಲ್ಲಿ ಒಂದು ಲೋಪವನ್ನು ಗುರುತಿಸಿದರು. ಪಿಒಎಂಸಿ ಎಂಬ ಜೀನಿನ ಒಂದು ತುಣುಕು ಸುಮಾರು ನಾಲ್ಕರಲ್ಲೊಂದು ಲ್ಯಾಬ್ರಡಾರ್‌ನಲ್ಲಿ ಉದುರಿಹೋಗಿದೆ. ಹೊಟ್ಟೆ ತುಂಬಿತು ಎಂಬ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವ ಕೆಲಸದಲ್ಲಿ ಈ ಜೀನಿಗೆ ಪಾಲಿದೆ. ಅದು ಕೆಟ್ಟ ನಾಯಿಗೆ ಒಂದು ಊಟಕ್ಕೂ ಇನ್ನೊಂದಕ್ಕೂ ನಡುವೆ ನಿಜವಾಗಿಯೇ ಹೆಚ್ಚು ಹಸಿವಾಗುತ್ತದೆ. ಅದೇ ತಂಡ 2024ರಲ್ಲಿ ಇನ್ನೊಂದನ್ನು ತೋರಿಸಿತು: ಇಂಥ ನಾಯಿಗಳು ಸುಮ್ಮನೆ ಮಲಗಿದ್ದಾಗ ಉಳಿದವಕ್ಕಿಂತ ಸುಮಾರು ಕಾಲುಭಾಗ ಕಡಿಮೆ ಕ್ಯಾಲರಿ ಸುಡುತ್ತವೆ. ತಿನ್ನುವ ಆಸೆ ಹೆಚ್ಚು, ಕರಗುವುದು ಕಡಿಮೆ. ಅಂಧರಿಗೂ ಅಂಗವಿಕಲರಿಗೂ ನೆರವಾಗುವ ನಾಯಿಗಳಲ್ಲಿ ಈ ಲೋಪ ಇನ್ನೂ ವ್ಯಾಪಕ. ಒಂದು ತುಣುಕು ತಿಂಡಿಗಾಗಿ ಏನನ್ನಾದರೂ ಕಲಿಯುವ ನಾಯಿಯನ್ನೇ ಮನುಷ್ಯ ತಲೆಮಾರುಗಳಿಂದ ಆರಿಸಿಕೊಂಡು ಬಂದಿರುವಾಗ ಅದರಲ್ಲಿ ಅಚ್ಚರಿಯಿಲ್ಲ.

ಹಾಗಾಗಿ ಗುಂಡನ ಕಣ್ಣು ನಟಿಸುತ್ತಿಲ್ಲ. ಅದಕ್ಕೆ ಓಗೊಡುವುದರಿಂದ ಅವನಿಗೆ ಒಳ್ಳೆಯದಾಗುವುದೂ ಇಲ್ಲ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ ಜೀವಮಾನವಿಡೀ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಊಟ. ಕಡಿಮೆ ತಿಂದ ನಾಯಿಗಳ ಮಧ್ಯಮ ಆಯಸ್ಸು 13 ವರ್ಷ, ಹೆಚ್ಚು ತಿಂದವುಗಳದ್ದು 11.2. ಕೀಲುನೋವು ಕಾಣಿಸಿಕೊಂಡದ್ದೂ ತಡವಾಗಿ. ಕೆನೆ, ಬಿಸ್ಕತ್ತು, ತುಪ್ಪದ ಚಪಾತಿಗಳೆಲ್ಲ ಸೇರಿ ತಿನ್ನುವುದು ಹತ್ತಿರ ಹತ್ತಿರ ಎರಡು ವರ್ಷದ ಜೀವವನ್ನು. ನಾಯಿಯ ಬದುಕಿನಲ್ಲಿ ಅದು ಸಣ್ಣ ಮೊತ್ತವಲ್ಲ.

ಆ ಕಣ್ಣಿಗೆ ಸೋಲುವವರ ಪರವಾಗಿಯೂ ವಿಜ್ಞಾನ ಒಂದು ಮಾತು ಹೇಳುತ್ತದೆ. 2015ರಲ್ಲಿ ಜಪಾನಿನ ವಿಜ್ಞಾನಿಗಳು ನಾಯಿಯನ್ನೂ ಅದರ ಯಜಮಾನರನ್ನೂ ಒಂದು ಕೋಣೆಯಲ್ಲಿ ಬಿಟ್ಟು, ಮುಂಚೆ ಮತ್ತು ಆಮೇಲೆ ಇಬ್ಬರ ಮೂತ್ರವನ್ನೂ ಪರೀಕ್ಷಿಸಿದರು. ಹೆಚ್ಚು ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ ಜೋಡಿಗಳಲ್ಲಿ ಇಬ್ಬರಲ್ಲೂ ಆಕ್ಸಿಟೋಸಿನ್ ಏರಿತ್ತು. ತಾಯಿ ಮಗುವಿನ ನಡುವೆ ಕೆಲಸ ಮಾಡುವುದೂ ಇದೇ ಹಾರ್ಮೋನು. ಮನುಷ್ಯರೇ ಸಾಕಿ ಬೆಳೆಸಿದ ತೋಳಗಳಲ್ಲಿ ಹೀಗಾಗಲಿಲ್ಲ. ಬಿಸ್ಕತ್ತಿನ ಡಬ್ಬಿಯ ಮುಂದೆ ಗುಂಡನ ಮನೆಯ ಅಮ್ಮ ಸೋಲುವುದು ಸಾವಿರಾರು ವರ್ಷ ತಾಲೀಮು ಮಾಡಿಬಂದ ಎದುರಾಳಿಗೆ.

ಅಡುಗೆಮನೆಯ ಅಪಾಯಗಳು

ತೂಕ ನಿಧಾನವಾಗಿ ಏರುತ್ತದೆ. ಕೆಲವು ಮುದ್ದುಗಳಿಗೆ ಅಷ್ಟು ತಾಳ್ಮೆ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಒಣಗಿಸಿದರೂ ಆ ಗುಣ ಹೋಗದು. ‘ಒಂದು ಚೂರು ಖಾರಾ ಬನ್ ಅಷ್ಟೇ’ ಎಂದು ಕೊಡುವವರು ಅದರೊಳಗಿನ ಈರುಳ್ಳಿಯನ್ನು ಮರೆತಿರುತ್ತಾರೆ. ಚಾಕೊಲೇಟಿನ ಥಿಯೋಬ್ರೊಮಿನ್ ನಾಯಿಯ ದೇಹದಿಂದ ಬೇಗ ಹೊರಹೋಗದೆ ಹೃದಯದ ಬಡಿತ ಕೆಡಿಸುತ್ತದೆ. ಸಕ್ಕರೆ ಕಾಯಿಲೆಯವರಿಗೆಂದು ತಂದ ಕೆಲವು ಸಿಹಿತಿಂಡಿಗಳಲ್ಲಿ, ಚ್ಯೂಯಿಂಗ್ ಗಮ್‌ನಲ್ಲಿ ಇರುವ ಕ್ಸೈಲಿಟಾಲ್ ಗಂಟೆಯೊಳಗೇ ಅಪಾಯ ತರಬಲ್ಲದು.

ಹಬ್ಬದ ದಿನ ಶಾವಿಗೆ ಪಾಯಸದ ಬಟ್ಟಲನ್ನು ನೆಕ್ಕಲು ಇಡುವ ಮನೆಗಳು ಎಷ್ಟೋ. ಪಾಯಸದ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಹಠಾತ್ತನೆ ಕೆಡಿಸಬಲ್ಲದು. ದ್ರಾಕ್ಷಿಯ ಯಾವ ಅಂಶ ಹೀಗೆ ಮಾಡುತ್ತದೆಂದು ಬಹುಕಾಲ ತಿಳಿದಿರಲಿಲ್ಲ. ಈಚೆಗೆ ಅಮೆರಿಕದ ಪಶುವೈದ್ಯರ ಗುಮಾನಿ ಅದರ ಟಾರ್ಟಾರಿಕ್ ಆಮ್ಲದ ಮೇಲೆ ಬಿದ್ದಿದೆ. ಆ ಗುಮಾನಿಗೆ ಬಲ ಬಂದದ್ದು ಹುಣಸೆಹಣ್ಣು ತಿಂದ ನಾಯಿಗಳಿಂದ: ಅವುಗಳ ಮೂತ್ರಪಿಂಡವೂ ಅದೇ ರೀತಿ ಕೆಟ್ಟ ಪ್ರಕರಣಗಳು 2022ರಲ್ಲಿ ವರದಿಯಾದವು. ಹುಣಸೆ ಬೀಳದ ಸಾರು, ಹುಳಿ, ಗೊಜ್ಜು ನಮ್ಮಲ್ಲಿ ಯಾವುದಿದೆ? ಮನೆಯ ಊಟವೇ ಅವನಿಗೂ ಕ್ಷೇಮ ಎಂದು ನಂಬಿರುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಬರೀ ಅನ್ನ, ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿ, ಬೇಯಿಸಿದ ಕುಂಬಳ ಬೇರೆ ಮಾತು. ತಟ್ಟೆಯಲ್ಲಿ ಮಿಕ್ಕಿದ ಬಿಸಿಬೇಳೆಬಾತ್ ಬೇರೆ ಮಾತು.

ಬಿಸ್ಕತ್ತಿನ ಗಣಿತವನ್ನೂ ಮಾಡಿ ನೋಡಬಹುದು. ಗ್ಲೂಕೋಸ್ ಬಿಸ್ಕತ್ತು 100 ಗ್ರಾಮಿಗೆ ಸುಮಾರು 450 ಕ್ಯಾಲರಿ. ಸಣ್ಣ ಬಿಸ್ಕತ್ತು ಒಂದಕ್ಕೆ ಇಪ್ಪತ್ತರ ಆಸುಪಾಸು. ಮನೆಯೊಳಗೇ ಇರುವ ನಾಲ್ಕು ಕೆ.ಜಿ.ಯ ಪಾಮೇರಿಯನ್‌ಗೆ ಇಡೀ ದಿನಕ್ಕೆ ಬೇಕಾದದ್ದು ಸುಮಾರು 250. ಐದು ಬಿಸ್ಕತ್ತು ತಿಂದರೆ ದಿನದ ಊಟದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಾಫಿ ಹೊತ್ತಿನಲ್ಲೇ ಮುಗಿಯಿತು. ಆಮೇಲೆ ಬಟ್ಟಲಿನ ಊಟ ಬಿಟ್ಟರೆ ‘ಸೊರಗಿಬಿಟ್ಟಿದೆ ಪಾಪ’ ಎಂದು ಕೈತುತ್ತು ಶುರು.

ಪರದೆಯಿಂದ ಇಳಿದ ಮುದ್ದುಗಳು

ಬೆಂಗಳೂರಿನ ಮಧ್ಯಮವರ್ಗದ ಮನೆಗೆ ಯಾವ ನಾಯಿ ಬರಬೇಕೆಂಬುದನ್ನು ಹವಾಮಾನಕ್ಕಿಂತ ಹೆಚ್ಚಾಗಿ ಟಿ.ವಿ. ನಿರ್ಧರಿಸಿದೆ. 1994ರ ‘ಹಮ್ ಆಪ್‌ಕೆ ಹೈ ಕೌನ್’ ಚಿತ್ರದ ಟಫಿ ಬಂದ ಮೇಲೆ ಬಿಳಿ ಸ್ಪಿಟ್ಜ್‌ಗಳು ಪಾಮೇರಿಯನ್ ಹೆಸರಿನಲ್ಲಿ ವರಾಂಡಾ ತುಂಬಿದವು. 2003ರಲ್ಲಿ ಹಚ್ ಮೊಬೈಲ್ ಜಾಹೀರಾತಿನ ಪಗ್ ಒಬ್ಬ ಹುಡುಗನ ಹಿಂದೆ ನಡೆದದ್ದೇ ನಡೆದದ್ದು, ಚಪ್ಪಟೆ ಮೂಗಿನ ಮರಿಗಳಿಗೆ ಎಲ್ಲಿಲ್ಲದ ಬೇಡಿಕೆ. ಉಸಿರಾಡಲು ಹುಟ್ಟಿನಿಂದಲೇ ತಿಣುಕುವ ತಳಿ ಅದು. ಕೊಬ್ಬು ಸೇರಿಕೊಂಡರೆ ಗೊರಕೆ ಹಗಲಲ್ಲೂ ಕೇಳುತ್ತದೆ. ಅದನ್ನೂ ‘ಎಷ್ಟು ಮುದ್ದಾಗಿ ಗೊರಕೆ ಹೊಡೀತಾನೆ’ ಎಂದು ಮೊಬೈಲಿನಲ್ಲಿ ಹಿಡಿದು ಬಳಗಕ್ಕೆಲ್ಲ ಕಳಿಸುತ್ತಾರೆ. ಆಮೇಲೆ ಹಿಮದ ನಾಡಿನ ಹಸ್ಕಿಗಳು ಬಂದವು. ಏಪ್ರಿಲ್ ಬಿಸಿಲಿಗೆ ಅವಕ್ಕೊಂದು ಏಸಿ ಕೋಣೆ.

10 ಜೂನ್ 2022ರಂದು ತೆರೆಕಂಡ ಕಿರಣ್‌ರಾಜ್ ಕೆ. ನಿರ್ದೇಶನದ ‘777 ಚಾರ್ಲಿ’ ಇಡೀ ಕರ್ನಾಟಕವನ್ನು ಅಳಿಸಿತು. ಚಿತ್ರಮಂದಿರದಿಂದ ಕಣ್ಣೊರೆಸಿಕೊಂಡು ಹೊರಬಂದವರಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯೂ ಇದ್ದರು. ಹಿಂದಿನ ವರ್ಷ ಜುಲೈನಲ್ಲಿ, ಮುಖ್ಯಮಂತ್ರಿಯಾಗುವ ಕೆಲವೇ ದಿನ ಮುಂಚೆ, ಅವರ ಮನೆಯ ನಾಯಿ ಸನ್ನಿ ತೀರಿಕೊಂಡಿತ್ತು. ಹಾರ ಹಾಕಿದ ಸನ್ನಿಯ ಮುಂದೆ ಕುಳಿತು ಅವರು ಅತ್ತದ್ದನ್ನು ನಾಡೇ ನೋಡಿತ್ತು. ಚಿತ್ರಕ್ಕೆ ಸರ್ಕಾರ ರಾಜ್ಯದ ಪಾಲಿನ ತೆರಿಗೆಯಿಂದ ವಿನಾಯಿತಿ ಕೊಟ್ಟಿತು. ಗಂಡಸರು ನಾಯಿಗಾಗಿ ಎಲ್ಲರೆದುರು ಅಳಬಹುದು ಎಂಬುದು ಆ ವರ್ಷ ನಮ್ಮಲ್ಲಿ ಒಪ್ಪಿತವಾಯಿತು. ಅದೇ ಚಿತ್ರ ಹೇಳಿದ್ದ ಇನ್ನೊಂದು ಸಂಗತಿಯನ್ನು ಮಾತ್ರ ಅಷ್ಟು ಜನ ನೆನಪಿಡಲಿಲ್ಲ: ಚಾರ್ಲಿಯ ಸಂಕಟದ ಮೂಲ ಒಬ್ಬ ದುರಾಸೆಯ ತಳಿಗಾರ. ಚಿತ್ರ ನೋಡಿ ಬಂದು ಮರಿ ಹುಡುಕಿದವರು ಅಂಥವರ ಬಾಗಿಲನ್ನೇ ತಟ್ಟಿದರು.

ಕನ್ನಡದ ಓದುಗರಿಗೆ ಇನ್ನೊಂದು ನಾಯಿ ಗೊತ್ತು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಮೊದಲಾದ ಬರಹಗಳಲ್ಲಿ ಕಾಡು, ತೋಟ, ಕೆಸರುಗಳಲ್ಲಿ ಅಲೆಯುವ ಕಿವಿ. ಅವನನ್ನು ಯಾರೂ ಸೋಫಾದ ಮೇಲೆ ಕೂರಿಸಿದ ನೆನಪಿಲ್ಲ. ಅಲ್ಲಿ ಪ್ರೀತಿ ಇಲ್ಲವೆಂದು ಓದಿದ ಯಾರೂ ಹೇಳಲಾರರು.

ಊರ ಬದಲು ನಾಯಿ ಬೇಡಿದವನು

ನಾಯಿಯ ಮೇಲಿನ ಅತಿಪ್ರೀತಿ ನಗರದ ಹೊಸ ಹುಚ್ಚು ಎನ್ನುವವರು ಒಮ್ಮೆ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಆತಕೂರು ಶಾಸನದ ಕತೆ ಕೇಳಬೇಕು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದ ಈ ಕಲ್ಲಿನ ಕಾಲ ಹತ್ತನೇ ಶತಮಾನದ ನಡುಭಾಗ. 949ರ ತಕ್ಕೋಲದ ಕಾಳಗದಲ್ಲಿ ಚೋಳರ ರಾಜಾದಿತ್ಯ ಬಿದ್ದ. ರಾಷ್ಟ್ರಕೂಟ ಮೂರನೇ ಕೃಷ್ಣನ ಪರವಾಗಿ ಕಾದಿದ ಗಂಗರ ಇಮ್ಮಡಿ ಬೂತುಗನ ಕಡೆಯ ವೀರ ಮಣಲರ. ಅವನ ಸಾಹಸಕ್ಕೆ ಮೆಚ್ಚಿ ಒಡೆಯ ಬೇಕಾದ್ದು ಬೇಡು ಎಂದ. ಮಣಲರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು.

ಮುಂದೆ ಬೆಟ್ಟವೊಂದರ ಬಳಿ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಹೋರಾಡಿ ಸತ್ತವು. ಮಣಲರ ಆತಕೂರಿನ ಚೆಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಸೆಣಸುವ ಚಿತ್ರವಿದೆ. ಅದರ ಪೂಜೆಗೆಂದು ಕೆರೆಯ ಕೆಳಗೆ ಎರಡು ಖಂಡುಗದ ಭೂಮಿ ಬಿಟ್ಟ. ಗುಡಿಯನ್ನು ನೋಡಿಕೊಳ್ಳುವ ಗೊರವ ಆ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟುತ್ತದೆಂಬ ಕಟ್ಟಪ್ಪಣೆಯೂ ಅಲ್ಲಿದೆ. ನಾಯಿಗೆ ಸಲ್ಲಬೇಕಾದದ್ದು ಸಂದ ಮೇಲೆಯೇ ಮನುಷ್ಯನ ಊಟ! ಹೊಸ ತಿಪ್ಪಸಂದ್ರದ ಅಮ್ಮನವರಿಗೆ ಇದಕ್ಕಿಂತ ಹಳೆಯ ಆಧಾರ ಯಾರೂ ಒದಗಿಸಲಾರರು. ಮೈಲಾರಲಿಂಗನ ವಗ್ಗಯ್ಯಗಳು ದೇವರ ನಾಯಿಗಳಾಗಿ ಬೊಗಳಿ ದೋಣಿಗೆ ಬಾಯಿ ಹಾಕಿ ಪ್ರಸಾದ ಉಣ್ಣುವ ನಾಡು ಇದು. ಚನ್ನಪಟ್ಟಣದ ಬಳಿಯ ಅಗ್ರಹಾರ ವಳಗೆರೆಹಳ್ಳಿಯಲ್ಲಿ 2010ರಲ್ಲಿ ನಾಯಿಗಳಿಗೇ ಒಂದು ಗುಡಿ ಎದ್ದಿದೆ.

ಕಾಳಿಗೂ ಗುಂಡನಿಗೂ ಇರುವ ವ್ಯತ್ಯಾಸ ಪ್ರೀತಿಯ ಅಳತೆಯಲ್ಲಿಲ್ಲ. ಕಾಳಿಗೆ ಮಾಡಲು ಕೆಲಸವಿತ್ತು. ಗುಂಡನಿಗೆ ತಿನ್ನುವುದೊಂದೇ ಕೆಲಸ. ಹಂದಿಯ ಬಾಯಿಗೆ ನಾಯಿಯನ್ನು ತಳ್ಳುವ ಕಾಲಕ್ಕೆ ಹಿಂತಿರುಗಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ಬಲೆಯಿಂದ ಜಾರಿದ ಮೀನು, ನೀರಿಗೆ ಬಿದ್ದ ಬೇಟೆ ಎತ್ತಿತರಲೆಂದು ಮಾಡಿದ ಮೈಯನ್ನು ದಿನವಿಡೀ ಧಾರಾವಾಹಿಯ ಮುಂದೆ ಮಲಗಿಸಿದರೆ, ಆ ಬೇಸರವನ್ನೂ ಅದು ಹಸಿವೆಂದೇ ತೋರಿಸಿಕೊಳ್ಳುತ್ತದೆ. ಡಬ್ಬಿ ಮುಚ್ಚಳ ಸದ್ದು ಮಾಡಿದಾಗ ಎದ್ದು ಬರುವುದಕ್ಕಿಂತ ದೊಡ್ಡ ಘಟನೆ ಅದರ ದಿನದಲ್ಲಿ ಇನ್ನೊಂದಿಲ್ಲವಲ್ಲ.

‘ಏನೂ ಮಾಡಲ್ಲ, ಬನ್ನಿ’

ಮುದ್ದಿನ ಬಿಸಿ ಗೇಟಿನಾಚೆಗೂ ತಟ್ಟುತ್ತದೆ. ಯಾವುದಕ್ಕೂ ಗದರದೆ ಬೆಳೆಸಿದ ನಾಯಿ ಕೊರಿಯರ್ ಹುಡುಗನ ಎದೆಯ ಮೇಲೆ ಕಾಲಿಟ್ಟು ನಿಂತಾಗ, ಒಳಗಿನಿಂದ ‘ಏನೂ ಮಾಡಲ್ಲ, ಬನ್ನಿ’ ಎಂಬ ದನಿ ಬರುತ್ತದೆ. ಏನು ಮಾಡಬಹುದೆಂಬುದು ಕಾನೂನಿಗೆ ಗೊತ್ತು: ಸಾಕುಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದ ಯಜಮಾನನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಇತ್ತ ನಾಯಿ ಸಾಕುವುದನ್ನೇ ನಿಷೇಧಿಸುವ ಅಧಿಕಾರ ಅಪಾರ್ಟ್‌ಮೆಂಟ್ ಸಂಘಗಳಿಗಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ತಿಳಿಸಿದೆ. 2018ರಲ್ಲಿ ಬಿಬಿಎಂಪಿ ಫ್ಲ್ಯಾಟಿಗೆ ಒಂದೇ ನಾಯಿ, ಸ್ವಂತ ಮನೆಗೆ ಮೂರು ಎಂಬ ನಿಯಮ ತರಹೊರಟಾಗ ಎದ್ದ ಗದ್ದಲಕ್ಕೆ ಅದನ್ನು ತಡೆಹಿಡಿಯಬೇಕಾಯಿತು.

ಅದೇ ರಸ್ತೆಯಲ್ಲಿ ಯಾರ ಹೆಸರಿಗೂ ಸೇರದ ನಾಯಿಗಳೂ ಇವೆ. 2023ರ ಗಣತಿಯಂತೆ ಬೆಂಗಳೂರಿನ ಬೀದಿನಾಯಿಗಳು ಸುಮಾರು 2.79 ಲಕ್ಷ, 2019ರಲ್ಲಿ 3.10 ಲಕ್ಷ ಇದ್ದವು. 2025ರ ಜುಲೈನಲ್ಲಿ ಅವುಗಳಲ್ಲಿ ಸುಮಾರು 5,000 ನಾಯಿಗಳಿಗೆ ಕೋಳಿ ಅನ್ನ ಹಾಕಲು ಬಿಬಿಎಂಪಿ 2.88 ಕೋಟಿ ರೂಪಾಯಿಯ ಯೋಜನೆ ಮುಂದಿಟ್ಟಾಗ ‘ಬೀದಿನಾಯಿಗೆ ಬಿರಿಯಾನಿ’ ಎಂಬ ಗೇಲಿ ನಾಡಿಡೀ ಹಬ್ಬಿತು. ಗೇಲಿ ಮಾಡಿದವರಲ್ಲಿ ಸ್ವಂತ ನಾಯಿಗೆ ಬೋನ್‌ಲೆಸ್ ಕೊಳ್ಳುವವರು ಇರಲಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. ಗುಂಡ ಬಿಟ್ಟ ತುಪ್ಪದ ಚಪಾತಿಗೆ ಗೇಟಿನಾಚೆ ಒಂದು ಕಂದು ನಾಯಿ ದಿನವೂ ಕಾಯುತ್ತದೆ. ಅದರ ಪಕ್ಕೆಲುಬನ್ನು ರಸ್ತೆಯಾಚೆಯಿಂದಲೇ ಎಣಿಸಬಹುದು. ಒಂದೇ ರಸ್ತೆಯಲ್ಲಿ ಒಂದಕ್ಕೆ ಅಜೀರ್ಣ, ಇನ್ನೊಂದಕ್ಕೆ ಹಸಿವು.

ಕೈ ಬಿಗಿ ಹಿಡಿಯುವ ವಿದ್ಯೆ

ನಾಯಿ ದಪ್ಪವಾಯಿತೇ ಎಂದು ತಿಳಿಯಲು ತಕ್ಕಡಿಯೇ ಬೇಕೆಂದಿಲ್ಲ. ಪಶುವೈದ್ಯರು ಹೇಳಿಕೊಡುವ ಉಪಾಯ ಸರಳ: ಅಂಗೈ ಚಾಚಿ ಹಿಂಬದಿಯ ಮೂಳೆಗಳ ಮೇಲೆ ಇನ್ನೊಂದು ಕೈಯ ಬೆರಳಾಡಿಸಿ. ನಾಯಿಯ ಪಕ್ಕೆ ಮುಟ್ಟಿದಾಗ ಹಾಗೆ ಸಿಕ್ಕರೆ ಸರಿ. ಮುಷ್ಟಿ ಬಿಗಿದಾಗ ಎದ್ದುಕಾಣುವ ಗೆಣ್ಣುಗಳಂತಿದ್ದರೆ ನಾಯಿ ಬಡಕಲು. ಅಂಗೈ ಒಳಭಾಗದಂತೆ ಒತ್ತಿ ಹುಡುಕಬೇಕಾದರೆ ಕೊಬ್ಬು ಕೂತಿದೆ. ಮೇಲಿನಿಂದ ನೋಡಿದರೆ ಸೊಂಟ ಒಳಸರಿದು ಕಾಣಬೇಕು.

ಗುಂಡನ ಡಾಕ್ಟರು ಮೊದಲು ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ನಡುವಯಸ್ಸಿನ ನಾಯಿಗಳಲ್ಲಿ ಅದರ ಕೊರತೆಯಿಂದಲೂ ಮೈ ಬರುತ್ತದೆ. ಅದು ಸರಿಯಾಗಿತ್ತು. ಆಮೇಲೆ ಅವರು ಕೊಟ್ಟದ್ದು ಔಷಧಿಯಲ್ಲ, ಒಂದು ಡಬ್ಬಿ. ಬೆಳಿಗ್ಗೆ ಇಡೀ ದಿನದ ಆಹಾರವನ್ನು ಅಳೆದು ಅದರಲ್ಲಿ ಹಾಕಿಡಬೇಕು. ಯಾರು, ಯಾವಾಗ, ಏನು ಕೊಡಬೇಕೆನಿಸಿದರೂ ಅದರಿಂದಲೇ ತೆಗೆದು ಕೊಡಬೇಕು. ಡಬ್ಬಿ ಖಾಲಿಯಾದರೆ ಅಂದಿಗೆ ಮುಗಿಯಿತು. ತಿಂಡಿ ತೀರ್ಥವೆಲ್ಲ ಸೇರಿ ದಿನದ ಕ್ಯಾಲರಿಯ ಹತ್ತನೇ ಒಂದು ಪಾಲು ಮೀರಬಾರದು. ಬಿಸ್ಕತ್ತಿನ ಜಾಗಕ್ಕೆ ಸೌತೆಕಾಯಿ, ಕ್ಯಾರೆಟ್, ಹುರುಳಿಕಾಯಿ. ಒಮ್ಮೆಲೇ ಉಪವಾಸ ಕೆಡವುವಂತಿಲ್ಲ, ವಾರಕ್ಕೆ ಮೈತೂಕದ ನೂರಕ್ಕೆ ಒಂದೆರಡು ಭಾಗ ಇಳಿದರೆ ಧಾರಾಳವಾಯಿತು.

ಅಮ್ಮನಿಗೆ ಡಬ್ಬಿ ಹಿಡಿಸಿದ್ದೇ ಸೋಜಿಗ. ಕೊಡುವುದನ್ನು ಯಾರೂ ನಿಲ್ಲಿಸಲಿಲ್ಲವಲ್ಲ! ಹತ್ತು ಸಲ ಕೊಡುತ್ತಿದ್ದವರು ಈಗಲೂ ಹತ್ತು ಸಲ ಕೊಡುತ್ತಾರೆ, ಒಂದೊಂದೇ ಕಾಳು. ಗುಂಡನಿಗೆ ಎಣಿಕೆ ಮುಖ್ಯ, ಗಾತ್ರವಲ್ಲ. ಒಂದು ಕಾಳಿಗೂ ಅಷ್ಟೇ ಬಾಲ ಅಲ್ಲಾಡುತ್ತದೆ. ಕಷ್ಟವಾದದ್ದು ಯಜಮಾನರಿಗೆ. ಲೆಕ್ಕ ಒಪ್ಪಿಸಿ ಡಾಕ್ಟರ ಮುಂದೆ ಹೆಂಡತಿಯನ್ನು ಹಿಡಿದುಕೊಟ್ಟವರೇ ಬೇಕರಿಯಿಂದ ಬರುವಾಗ ಅಂಗಿಯ ಜೇಬಿನಲ್ಲಿ ಬೆಣ್ಣೆ ಬಿಸ್ಕತ್ತು ಅಡಗಿಸಿ ತರುತ್ತಿದ್ದರು. ಜೇಬಿಗೆ ಮೂಗು ಹಾಕಿ ಗುಂಡನೇ ಅವರನ್ನು ಹಿಡಿದುಕೊಟ್ಟ. ಗೇಟಿಗೆ ‘ದಯವಿಟ್ಟು ನಾಯಿಗೆ ಏನೂ ಕೊಡಬೇಡಿ’ ಎಂಬ ಬೋರ್ಡು ಬಿತ್ತು, ಮೇಲಿನ ಮನೆಯವರಿಗಾಗಿ ಇಂಗ್ಲಿಷಿನಲ್ಲೂ. ಆರು ತಿಂಗಳು ಕಳೆಯುವಷ್ಟರಲ್ಲಿ ಸೋಫಾ ಏರಲು ಯಾರೂ ಹಿಂದಿನಿಂದ ಎತ್ತಬೇಕಾಗಿರಲಿಲ್ಲ.

ಅವನಿಗೆ ಸಿಕ್ಕ ದೊಡ್ಡ ಲಾಭ ನಡಿಗೆ. ನಾಯಿಗೆ ವಾಕಿಂಗ್ ಎಂದರೆ ಕಾಲಿನ ವ್ಯಾಯಾಮ ಎಂದಷ್ಟೇ ನಾವು ತಿಳಿದಿದ್ದೇವೆ. ಅದರ ಮಟ್ಟಿಗೆ ಅದು ಮೂಗಿನ ಕೆಲಸ: ಯಾರು ಬಂದರು, ಯಾರು ಹೋದರು, ರಾತ್ರಿ ಯಾವ ಕಂಬಕ್ಕೆ ಯಾರು ಸಹಿ ಹಾಕಿದರು ಎಂದೆಲ್ಲ ಓದಿಕೊಳ್ಳುವ ಹೊತ್ತು. ‘ನಡಿಯೋ’ ಎಂದು ಚೈನ್ ಜಗ್ಗದೆ ಪ್ರತಿ ಕಂಬದ ಬಳಿ ಎರಡು ನಿಮಿಷ ನಿಲ್ಲಿಸಿದರೆ ಅರ್ಧ ಗಂಟೆಯಲ್ಲಿ ಅದು ದಣಿಯುತ್ತದೆ, ಮನೆಗೆ ಬಂದು ಬಟ್ಟಲು ನೆಕ್ಕುವ ಬದಲು ನಿದ್ದೆ ಹೋಗುತ್ತದೆ. ಟಾರು ಕಾಯುವ ಮುಂಚೆ ಹೊರಡಬೇಕು, ತಿರುಗಿ ಬಂದ ಮೇಲೆ ಬೆರಳ ಸಂದಿಯಲ್ಲಿ ಉಣ್ಣೆ ನೋಡಬೇಕು, ಕೈಯಲ್ಲೊಂದು ಕವರ್ ಇರಬೇಕು. ಯಜಮಾನರ ಸಕ್ಕರೆಗೆ ಅವರ ಡಾಕ್ಟರು ಹೇಳಿದ್ದೂ ಇದೇ ಅರ್ಧ ಗಂಟೆ. ತಮಗಾಗಿ ಹೊರಡದವರು ನಾಯಿಗಾಗಿ ಹೊರಟರು.

ಎಷ್ಟೋ ಮನೆಗಳಲ್ಲಿ ಭಾನುವಾರದ ಸಾರು ಕುದಿಯುತ್ತಿರುತ್ತದೆ, ಮೇಜಿನಡಿ ಒಂದು ಮೂಗು ಮೇಲೆತ್ತಿರುತ್ತದೆ. ಊಟ ಮುಗಿದ ಮೇಲೆ ಎಲೆಯ ಮೂಳೆಗಳನ್ನು ಅದರ ಬಟ್ಟಲಿಗೆ ಸುರಿಯಬೇಡಿ; ಬೆಂದ ಮೂಳೆ ಚೂಪಾಗಿ ಸೀಳಿ ಕರುಳನ್ನು ಕೊಯ್ಯುತ್ತದೆ. ಅದು ದೀನವಾಗಿ ನೋಡೀತು, ನಿಮಗೂ ಪಾಪ ಅನ್ನಿಸೀತು. ಬಿಸಿಲು ಇಳಿಯುವ ತನಕ ತಡೆದುಕೊಂಡಿದ್ದು ಬಾಗಿಲ ಹಿಂದಿನ ಚೈನ್ ಕೈಗೆ ತಗೊಳ್ಳಿ. ಆ ಸದ್ದಿಗೆ ಅದು ಕುಣಿಯುವುದನ್ನು ನೋಡಿದರೆ, ಬಟ್ಟಲು ತೋರಿಸಿದಾಗ ಇದಕ್ಕಿಂತ ಹೆಚ್ಚು ಕುಣಿದಿತ್ತೇ ಎಂದು ನಿಮಗೇ ಅನುಮಾನ ಬಂದೀತು.